ಎರೆ ಹೊಲದ ಹತ್ತಿ, ಢಾಕಾದ ರಾಜತಂತ್ರ

ದೀಪಾವಳಿ ಮುಗಿಯುವ ಹೊತ್ತಿಗೆ ಶಹಾಪುರ, ಸುರಪುರ, ವಡಗೇರಾ ಸೀಮೆಯ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಜೋರಾಗುತ್ತದೆ. ಹೆಂಗಸರು ಟಂಟಂ, ಟ್ರ್ಯಾಕ್ಟರ್ ಹತ್ತಿ ಹೊಲ ಸೇರುತ್ತಾರೆ. ಸೊಂಟಕ್ಕೆ ಕಟ್ಟಿಕೊಂಡ ಸೀರೆಯ ಜೋಳಿಗೆ ತುಂಬಿದಂತೆಲ್ಲ ಬದುವಿನ ಮೇಲೆ ಸುರಿಯುತ್ತಾರೆ. ಸಂಜೆ ತೂಕವಾಗಿ ಕಿಲೋ ಲೆಕ್ಕದಲ್ಲಿ ಕೂಲಿ ಕೈಗೆ ಬರುತ್ತದೆ. ಹೊಲದೊಡೆಯನ ಬಾಯಲ್ಲಿ ಆ ದಿನಗಳಲ್ಲಿ ಇರುವುದು ಒಂದೇ ಮಾತು: "ಇವತ್ತ ಹತ್ತಿ ರೇಟ್ ಏನದ?" ಅಡತ್ ಅಂಗಡಿಯವರು ಒಂದು ದರ ಹೇಳುತ್ತಾರೆ, ಜಿನ್ನಿಂಗ್ ಮಿಲ್ಲಿನವರು ಇನ್ನೊಂದು. ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರ ತೆರೆದಿದ್ದರೆ ಬೆಂಬಲ ಬೆಲೆಯ ಆಸೆಯೂ ಇರುತ್ತದೆ. ಆದರೆ ಆ ದರದ ಒಂದು ಪಾಲು ನಿಜವಾಗಿ ತೀರ್ಮಾನವಾಗುವುದು ಇವರ್ಯಾರ ಕೈಯಲ್ಲೂ ಅಲ್ಲ, ಇಲ್ಲಿಂದ ಬಹುದೂರದ ಢಾಕಾದಲ್ಲಿ.

ಬಾಂಗ್ಲಾದೇಶ ಹತ್ತಿ ಬೆಳೆಯುವ ನಾಡಲ್ಲ. ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳ ಮೆಕ್ಕಲು ನೆಲದಲ್ಲಿ ಭತ್ತ ಬರುತ್ತದೆ, ಸೆಣಬು ಬರುತ್ತದೆ. ತನಗೆ ಬೇಕಾದ ಹತ್ತಿಯಲ್ಲಿ ಆ ದೇಶ ತಾನೇ ಬೆಳೆದುಕೊಳ್ಳುವುದು ತೀರಾ ಅಲ್ಪ. ಹಾಗಿದ್ದೂ ಸಿದ್ಧ ಉಡುಪಿನ ರಫ್ತಿನಲ್ಲಿ ಚೀನಾದ ನಂತರ ಮೊದಲು ಬರುವ ಹೆಸರುಗಳಲ್ಲಿ ಅದರದೂ ಒಂದು. ಆದ್ದರಿಂದಲೇ ಜಗತ್ತಿನ ಅತಿ ದೊಡ್ಡ ಹತ್ತಿ ಆಮದುದಾರರ ಸಾಲಿನಲ್ಲಿ ಅದು ನಿಂತಿದೆ. ಭಾರತದ ಹತ್ತಿ ನೂಲಿಗೂ ಅರಳೆಗೂ ಬಾಂಗ್ಲಾದಷ್ಟು ದೊಡ್ಡ ಗಿರಾಕಿ ಬೇರೊಬ್ಬರಿಲ್ಲ.

ಶಹಾಪುರದ ಹತ್ತಿ ನೆಟ್ಟಗೆ ಢಾಕಾಕ್ಕೆ ಹೋಗಿ ಇಳಿಯುತ್ತದೆ ಎಂದು ಇದರ ಅರ್ಥವಲ್ಲ. ನಮ್ಮ ಜಿನ್ನಿಂಗ್ ಮಿಲ್ಲುಗಳಲ್ಲಿ ಕಾಳು ಬೇರೆಯಾಗಿ, ಅರಳೆ 170 ಕಿಲೋ ತೂಕದ ಬೇಲ್ ಆಗಿ ಕಟ್ಟಿಸಿಕೊಂಡು ನೂಲಿನ ಗಿರಣಿಗಳ ಕಡೆ ಹೊರಡುತ್ತದೆ. ಆ ಗಿರಣಿಗಳು ನೂತ ನೂಲಿಗೆ ಬೇಡಿಕೆ ಬಿದ್ದುಹೋದರೆ ಅವು ಅರಳೆ ಕೊಳ್ಳುವುದನ್ನು ನಿಧಾನ ಮಾಡುತ್ತವೆ. ಅವು ನಿಧಾನ ಮಾಡಿದರೆ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಅಂಡಿಗೆಗಳು ನಿಲ್ಲುತ್ತವೆ, ಎಪಿಎಂಸಿ ಅಂಗಳದಲ್ಲಿ ರೈತನ ಗಾಡಿ ನಿಲ್ಲುತ್ತದೆ. ಢಾಕಾದ ಒಂದು ಸುತ್ತೋಲೆ ಭೀಮಾ ದಂಡೆಗೆ ಮುಟ್ಟುವ ದಾರಿ ಇದು.

ನಮ್ಮ ಸೀಮೆಗೆ ಈ ಅನುಭವ ಹೊಸದೇನಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತು, ದಖ್ಖನದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಅಷ್ಟೇ ಬೇಗ ಇಳಿಯಿತು. ಹೊರಗಿನ ಪೇಟೆಗೆ ನಮ್ಮನ್ನು ಇನ್ನಷ್ಟು ಬಿಗಿದ ರೈಲು ಮುಂಬಯಿಯಿಂದ ಹೊರಟು ಯಾದಗಿರಿ ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿಕೊಂಡದ್ದು 1871ರಲ್ಲಿ. ಹೊರಗಿನ ರಾಜಕೀಯಕ್ಕೆ ಬೆಲೆ ತೆರುವುದು ಈ ಮಣ್ಣಿಗೆ ಮುತ್ತಜ್ಜನ ಕಾಲದಿಂದ ಬಂದದ್ದು. ಬದಲಾದದ್ದು ಗಿರಾಕಿ ಮಾತ್ರ.

ಹೀಗಿದ್ದೂ ಬಾಂಗ್ಲಾದೇಶ ಎಂದೊಡನೆ ನಮ್ಮ ಮನೆಗಳ ಟಿವಿಯಲ್ಲಿ ಕಾಣುವುದು ನುಸುಳುಕೋರರ ಸುದ್ದಿ, ಕ್ರಿಕೆಟ್ಟು, ಇತ್ತೀಚೆಗೆ ಶೇಖ್ ಹಸೀನಾ. ಹದಿನೇಳು ಕೋಟಿ ಜನರ, ನೂರಕ್ಕೆ ತೊಂಬತ್ತರಷ್ಟು ಮುಸ್ಲಿಮರಿರುವ ಆ ದೇಶ ಹೊರಜಗತ್ತಿನೊಡನೆ ಹೇಗೆ ನಡೆದುಕೊಳ್ಳುತ್ತದೆ, ಯಾಕೆ ಹಾಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹತ್ತಿ ಬೆಳೆಯುವ ಜಿಲ್ಲೆಯ ಜನ ತಿಳಿದಿರಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆ ದೇಶದ ವಿದೇಶಾಂಗ ನೀತಿಯ ಬುಡದಲ್ಲಿ ಇರುವುದು ನಾರು, ನೀರು ಮತ್ತು ಕೂಲಿ. ಈ ಮೂರೂ ಯಾದಗಿರಿಯವರಿಗೆ ಯಾರೂ ಹೇಳಿಕೊಡಬೇಕಾದ ವಿಷಯಗಳಲ್ಲ.

ಗೋಣಿಚೀಲ ಕಲಿಸಿದ ಪಾಠ

1971ರ ಡಿಸೆಂಬರ್ 16ರಂದು ಹುಟ್ಟಿದ ದೇಶಕ್ಕೆ ಜಗತ್ತಿನ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1972ರಲ್ಲಿ ಅದು ವಿಶ್ವಸಂಸ್ಥೆ ಸೇರಲು ಹೊರಟಾಗ ಪಾಕಿಸ್ತಾನದ ಪರವಾಗಿ ಚೀನಾ ವಿಟೊ ಚಲಾಯಿಸಿತು. ಸದಸ್ಯತ್ವ ಸಿಕ್ಕಿದ್ದು 1974ರ ಸೆಪ್ಟೆಂಬರಿನಲ್ಲಿ. ಅದಾದ ಕೆಲವೇ ದಿನಗಳಲ್ಲಿ ಪ್ರಧಾನಿ ಶೇಖ್ ಮುಜಿಬುರ್ ರಹಮಾನ್ ಸಾಮಾನ್ಯ ಸಭೆಯಲ್ಲಿ ಬಂಗಾಳಿಯಲ್ಲೇ ಭಾಷಣ ಮಾಡಿದರು. ಭಾಷೆಗಾಗಿ ಹೋರಾಡಿ ಹುಟ್ಟಿದ ದೇಶಕ್ಕೆ ಅದು ದೊಡ್ಡ ದಿನ. ಅದೇ ವರ್ಷದ ಫೆಬ್ರುವರಿಯಲ್ಲಿ ಲಾಹೋರಿನಲ್ಲಿ ನಡೆದ ಇಸ್ಲಾಮಿಕ್ ರಾಷ್ಟ್ರಗಳ ಸಮ್ಮೇಳನಕ್ಕೆ ಮುಜಿಬ್ ಹೋದರು, ಪಾಕಿಸ್ತಾನ ಅವರ ದೇಶವನ್ನು ಮಾನ್ಯ ಮಾಡಿತು. ಸೌದಿ ಅರೇಬಿಯಾ ಮತ್ತು ಚೀನಾ ಮಾನ್ಯತೆ ಕೊಟ್ಟದ್ದು 1975ರ ಆಗಸ್ಟಿನಲ್ಲಿ, ಮುಜಿಬ್ ಕೊಲೆಯಾದ ಮೇಲೆ. ಎಲ್ಲರೊಂದಿಗೂ ಸ್ನೇಹ, ಯಾರ ಮೇಲೂ ಹಗೆ ಬೇಡ ಎಂಬುದನ್ನು ಮುಜಿಬ್ ತಮ್ಮ ನೀತಿಯೆಂದು ಸಾರಿದ್ದರು. ಅವರ ನಂತರ ಸೇನಾಡಳಿತ ಬಂತು, ಎದುರು ಪಕ್ಷ ಬಂತು, ಮಗಳು ಶೇಖ್ ಹಸೀನಾ ಅವರೇ ಅಧಿಕಾರಕ್ಕೆ ಬಂದರು. ಆ ಘೋಷಣೆಯನ್ನು ಯಾರೂ ಕೈಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂಬುದಕ್ಕೆ 1974ರ ಒಂದು ಘಟನೆ ಸಾಕು. ಆ ವರ್ಷ ಬ್ರಹ್ಮಪುತ್ರ ಉಕ್ಕಿ ಬೆಳೆ ಹಾಳಾಯಿತು, ಅಕ್ಕಿಯ ಬೆಲೆ ಏರಿತು, ಹಳ್ಳಿಗಳಲ್ಲಿ ಕೂಲಿ ಇಲ್ಲದೆ ಜನ ಸಾಯತೊಡಗಿದರು. ಅಮೆರಿಕದಿಂದ ನೆರವಿನ ಧಾನ್ಯ ಬರಬೇಕಿತ್ತು. ಅಷ್ಟರಲ್ಲಿ ಬಾಂಗ್ಲಾದೇಶ ಕ್ಯೂಬಾಕ್ಕೆ ಸೆಣಬಿನ ಗೋಣಿಚೀಲ ಮಾರಿದ್ದು ವಾಷಿಂಗ್ಟನ್ನಿಗೆ ತಿಳಿಯಿತು. ಕ್ಯೂಬಾ ಜತೆ ವ್ಯಾಪಾರ ಮಾಡುವ ದೇಶಕ್ಕೆ ನೆರವಿಲ್ಲ ಎಂಬುದು ಆಗ ಅಮೆರಿಕದ ಕಾನೂನಾಗಿತ್ತು. ಮಾರಾಟ ನಿಲ್ಲಿಸುತ್ತೇವೆಂದು ಢಾಕಾ ಬರೆದುಕೊಟ್ಟು, ಧಾನ್ಯ ಹೊರಟು ಬಂದು ತಲುಪುವ ಹೊತ್ತಿಗೆ ಬರಗಾಲ ತನಗೆ ಬೇಕಾದಷ್ಟು ಜೀವ ತೆಗೆದುಕೊಂಡಿತ್ತು. ತನ್ನ ಹೊಲದಲ್ಲಿ ಬೆಳೆದ ನಾರನ್ನು ತನಗೆ ಬೇಕಾದವರಿಗೆ ಮಾರುವ ಹಕ್ಕೂ ಬಡ ದೇಶಕ್ಕೆ ಇಲ್ಲ ಎಂದು ಆ ಜನ ಅಂದು ಕಂಡರು. ಯಾವ ದೊಡ್ಡವರನ್ನೂ ಪೂರ್ತಿ ನೆಚ್ಚಬಾರದು, ಯಾರನ್ನೂ ಪೂರ್ತಿ ಎದುರು ಹಾಕಿಕೊಳ್ಳಬಾರದು ಎಂಬ ಎಚ್ಚರಿಕೆ ಆ ದೇಶದ ಅಧಿಕಾರಿಗಳ ಮೈಗೆ ಹತ್ತಿದ್ದು ಆಗ.

ಸುರಪುರದವರಿಗೆ ಈ ಎಚ್ಚರಿಕೆಯ ಬೆಲೆ ಗೊತ್ತು. ವಿಜಯಪುರದ ಆದಿಲ್‌ಶಾಹಿ, ಮೊಗಲರು, ಮರಾಠರು, ನಿಜಾಮ, ಕೊನೆಗೆ ಇಂಗ್ಲಿಷರು. ಇಷ್ಟೂ ದೊಡ್ಡವರ ನಡುವೆ ಬೇಡ ನಾಯಕರ ಸಣ್ಣ ಸಂಸ್ಥಾನ ತಲೆ ಎತ್ತಿ ಬಾಳಿತು. 1705ರಲ್ಲಿ ಎಂಬತ್ತಾರು ದಾಟಿದ ಔರಂಗಜೇಬ ತಾನೇ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಸಿಕ್ಕಿತು, ದೊರೆ ಪಿಡ್ಡನಾಯಕ ಸಿಗಲಿಲ್ಲ. ಒಬ್ಬರಿಗೆ ಕಪ್ಪ ಕೊಡುತ್ತ, ಇನ್ನೊಬ್ಬರ ಜತೆ ಮಾತು ಉಳಿಸಿಕೊಳ್ಳುತ್ತ, ಸಮಯ ಬಂದಾಗ ತಿರುಗಿ ನಿಲ್ಲುತ್ತ ನಾಯಕರು ಮುಂದಿನ ಒಂದೂವರೆ ಶತಮಾನ ಕಳೆದರು. ಇಂಗ್ಲಿಷರ ಪ್ರತಿನಿಧಿಯಾಗಿ ಮೆಡೋಸ್ ಟೇಲರ್ ಬಂದು ಕೂತ ಮೇಲೆ ಆ ಅವಕಾಶ ಕಿರಿದಾಯಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿತ್ತು. 1860ರಲ್ಲಿ ಇಡೀ ಸಂಸ್ಥಾನವನ್ನು ಇಂಗ್ಲಿಷರು ನಿಜಾಮನಿಗೆ ಒಪ್ಪಿಸಿದರು. ಒಬ್ಬರೇ ದೊಡ್ಡವರು ಉಳಿದಾಗ ಸಣ್ಣವರಿಗೆ ಆಟಕ್ಕೆ ಜಾಗ ಇರುವುದಿಲ್ಲ. ಬಾಂಗ್ಲಾದೇಶಕ್ಕೆ ಮೂರು ಕಡೆ ಭಾರತ, ಸುಮಾರು 4,096 ಕಿಲೋಮೀಟರ್ ಗಡಿ, ಆಗ್ನೇಯದಲ್ಲಿ ತುಸು ಮ್ಯಾನ್ಮಾರ್, ಕೆಳಗೆ ಬಂಗಾಳ ಕೊಲ್ಲಿ. ಹೀಗೆ ಸುತ್ತುವರಿದ ದೇಶ ಚೀನಾವನ್ನೂ ಜಪಾನನ್ನೂ ರಷ್ಯಾವನ್ನೂ ಯಾಕೆ ಮನೆಗೆ ಕರೆಯುತ್ತದೆ ಎಂದು ಕೇಳುವವರು ಒಮ್ಮೆ ಸುರಪುರದ ಚರಿತ್ರೆ ಓದಬೇಕು.

ಬೆಳೆಯದೆ ಹೊಲಿದವರು

ಸೆಣಬಿನ ದೇಶ ಹತ್ತಿ ಬಟ್ಟೆಯ ದೇಶವಾದ ಕಥೆಯೂ ವಿದೇಶಾಂಗ ನೀತಿಯದೇ ಕಥೆ. 1974ರಿಂದ ಜಾರಿಗೆ ಬಂದ ಬಹುನಾರು ಒಪ್ಪಂದದಂತೆ ಯಾವ ದೇಶ ಎಷ್ಟು ಬಟ್ಟೆ ಕಳಿಸಬೇಕೆಂದು ಶ್ರೀಮಂತ ದೇಶಗಳು ಕೋಟಾ ಹಾಕಿದವು. ದಕ್ಷಿಣ ಕೊರಿಯಾದ ಕೋಟಾ ಮುಗಿಯುತ್ತ ಬಂತು. ಕೋಟಾ ಇಲ್ಲದ ಬಡ ದೇಶವನ್ನು ಹುಡುಕುತ್ತಿದ್ದ ಕೊರಿಯಾದ ಡೇವೂ ಕಂಪನಿಗೆ ಢಾಕಾದಲ್ಲಿ ಪಾಲುದಾರರು ಸಿಕ್ಕರು. ಅಧಿಕಾರಿಯಾಗಿದ್ದು ಉದ್ಯಮಕ್ಕಿಳಿದ ನೂರುಲ್ ಖಾದಿರ್ ಅವರ ದೇಶ್ ಗಾರ್ಮೆಂಟ್ಸ್ 1979ರಲ್ಲಿ 130 ಮಂದಿಯನ್ನು ಕೊರಿಯಾದ ಪೂಸಾನ್ ಕಾರ್ಖಾನೆಗೆ ಕಳಿಸಿ ಹೊಲಿಗೆ, ಕತ್ತರಿಕೆ, ತಪಾಸಣೆ, ಮಾರಾಟ ಎಲ್ಲ ಕಲಿಸಿತು. ಹಿಂತಿರುಗಿದವರಲ್ಲಿ ಬಹುಪಾಲು ಮಂದಿ ಕೆಲವೇ ವರ್ಷಗಳಲ್ಲಿ ಕೆಲಸ ಬಿಟ್ಟು ತಮ್ಮದೇ ಕಾರ್ಖಾನೆ ಹಾಕಿದರು, ಇಲ್ಲವೇ ಹೊಸ ಕಾರ್ಖಾನೆಗಳನ್ನು ನಿಲ್ಲಿಸಿಕೊಟ್ಟರು.

ಸರ್ಕಾರ ಎರಡು ಸಣ್ಣ ಅನುಕೂಲ ಮಾಡಿಕೊಟ್ಟಿತು. ರಫ್ತಿಗೆ ಹೊಲಿಯುವ ಬಟ್ಟೆಯನ್ನು ಸುಂಕ ಕಟ್ಟದೆ ತರಿಸಿ ಬೀಗ ಹಾಕಿದ ಗೋದಾಮಿನಲ್ಲಿ ಇಟ್ಟುಕೊಳ್ಳಬಹುದು. ಹೊರದೇಶದ ಗಿರಾಕಿ ಕೊಟ್ಟ ಆರ್ಡರನ್ನೇ ಬ್ಯಾಂಕಿಗೆ ತೋರಿಸಿ ಕಚ್ಚಾ ಮಾಲಿಗೆ ಸಾಲ ಪಡೆಯಬಹುದು. ಕೈಯಲ್ಲಿ ದುಡ್ಡಿಲ್ಲದವನೂ ಕಾರ್ಖಾನೆ ನಡೆಸಲು ಇಷ್ಟು ಸಾಕಾಯಿತು. ಮುಂದೆ 2001ರಲ್ಲಿ ಯುರೋಪು ಕಡುಬಡ ದೇಶಗಳ ಸರಕಿಗೆ ಸುಂಕ ತೆಗೆದಾಗ ಅದರ ಪೂರ್ತಿ ಲಾಭ ಪಡೆದದ್ದು ಬಾಂಗ್ಲಾದೇಶವೇ. ಇಂದು ಅದರ ರಫ್ತಿನ ಪ್ರತಿ ನೂರು ರೂಪಾಯಿಯಲ್ಲಿ ಎಂಬತ್ತಕ್ಕೂ ಹೆಚ್ಚು ಬರುವುದು ಉಡುಪಿನಿಂದ. ಸುಮಾರು ನಲವತ್ತು ಲಕ್ಷ ಜನ ಅದರಲ್ಲಿ ದುಡಿಯುತ್ತಾರೆ, ಅವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. ಆ ದೇಶದ ರಾಯಭಾರಿಗಳು ಬ್ರಸೆಲ್ಸಿನಲ್ಲಾಗಲಿ ವಾಷಿಂಗ್ಟನ್ನಿನಲ್ಲಾಗಲಿ ಮೊದಲು ಮಾತಾಡುವುದು ಸುಂಕದ ಬಗ್ಗೆ.

ಈ ಏಳಿಗೆಗೆ ತೆತ್ತ ಬೆಲೆಯನ್ನು ಮರೆಮಾಚಬಾರದು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹಿಂದಿನ ದಿನವೇ ಗೋಡೆ ಬಿರಿದದ್ದು ಕಂಡಿತ್ತು. ಹಾಗಿದ್ದೂ ಕೆಲಸಕ್ಕೆ ಕರೆದಿದ್ದರು. ಅದಾದ ಮೇಲೆ ಯುರೋಪಿನ ಕಂಪನಿಗಳು ಕಾರ್ಮಿಕ ಸಂಘಗಳೊಡನೆ ಸುರಕ್ಷತೆಯ ಕರಾರಿಗೆ ಸಹಿ ಹಾಕಿದವು. ಅಮೆರಿಕ ಕೊಡುತ್ತಿದ್ದ ಸುಂಕ ರಿಯಾಯಿತಿಯನ್ನು ಹಿಂತೆಗೆದುಕೊಂಡಿತು. ಕಾರ್ಖಾನೆಯ ಕಂಬದ ಗಟ್ಟಿತನವೂ ವಿದೇಶಾಂಗ ಸಚಿವರು ಉತ್ತರಿಸಬೇಕಾದ ಪ್ರಶ್ನೆಯಾಯಿತು.

ಇಲ್ಲಿ ನನ್ನನ್ನು ಕಾಡುವ ಮಾತೊಂದಿದೆ. ಹತ್ತಿ ಬೆಳೆಯದ ನಾಡಿನ ಹೆಣ್ಣುಮಕ್ಕಳು ತಮ್ಮ ಜಿಲ್ಲೆಯಿಂದ ಢಾಕಾಕ್ಕೆ ಬಸ್ ಹತ್ತಿ ಹೋಗಿ ದುಡಿಯುತ್ತಾರೆ. ಹತ್ತಿ ಬೆಳೆಯುವ ನಮ್ಮ ಹೆಣ್ಣುಮಕ್ಕಳು ಯಾದಗಿರಿಯಲ್ಲಿ ರೈಲು ಹತ್ತಿ ಗುಳೆ ಹೋಗುತ್ತಾರೆ, ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾರೆ, ಗಾರ್ಮೆಂಟ್ಸ್ ಸೇರುತ್ತಾರೆ. ನಮ್ಮ ಅರಳೆ ಒಂದು ದಿಕ್ಕಿಗೆ, ನಮ್ಮ ಕೈಗಳು ಇನ್ನೊಂದು ದಿಕ್ಕಿಗೆ. ಕಡೇಚೂರಿನಲ್ಲಿ ಕೈಗಾರಿಕಾ ಪ್ರದೇಶವಿದೆ. ಕಲಬುರಗಿಗೆ 2023ರಲ್ಲಿ ಕೇಂದ್ರ ಸರ್ಕಾರ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿದೆ. 1979ರ ಆ 130 ಮಂದಿಯ ಹಾಗೆ ಇಲ್ಲಿನ ಯುವಕ ಯುವತಿಯರನ್ನು ಕಳಿಸಿ ಕೆಲಸ ಕಲಿಸುವ ತನಕ ಪಾರ್ಕಿನ ಬೋರ್ಡು ನೆಟ್ಟರೆ ಏನೂ ಆಗದು.

ದೇವೇಗೌಡರ ಸಹಿ

ನೀರಿನ ವಿಷಯಕ್ಕೆ ಬಂದರೆ ಢಾಕಾದ ಚರಿತ್ರೆಯಲ್ಲಿ ಒಬ್ಬ ಕನ್ನಡಿಗನ ಹೆಸರು ಗಟ್ಟಿಯಾಗಿ ಬರೆದಿದೆ. ಇದು ನಮ್ಮಲ್ಲಿ ಹೆಚ್ಚು ಜನರ ನೆನಪಿನಲ್ಲಿ ಇಲ್ಲದಿರುವುದು ಬೇಸರದ ಸಂಗತಿ.

ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಗಂಗೆಗೆ ಅಡ್ಡಲಾಗಿ ಭಾರತ ಕಟ್ಟಿದ ಬ್ಯಾರೇಜು 1975ರಲ್ಲಿ ಕೆಲಸ ಆರಂಭಿಸಿತು. ಕೋಲ್ಕತ್ತ ಬಂದರಿನ ಹೂಳು ತೆಗೆಯಲು ಹೂಗ್ಲಿ ನದಿಗೆ ನೀರು ತಿರುಗಿಸುವುದು ಅದರ ಉದ್ದೇಶ. ಬೇಸಿಗೆಯಲ್ಲಿ ಕೆಳಗಿನ ಪದ್ಮಾ ನದಿ ಸೊರಗಿತು, ಸಮುದ್ರದ ಉಪ್ಪು ನೀರು ಒಳಗೆ ನುಗ್ಗಿತು. 1976ರ ಮೇ ತಿಂಗಳಲ್ಲಿ ಅಲ್ಲಿನ ಹಿರಿಯ ನಾಯಕ ಮೌಲಾನಾ ಭಾಸಾನಿ ಇಳಿವಯಸ್ಸಿನಲ್ಲಿ ಫರಕ್ಕಾ ಕಡೆಗೆ ಜನರ ಜಾಥಾ ನಡೆಸಿದರು. ಢಾಕಾ ಈ ದೂರನ್ನು ವಿಶ್ವಸಂಸ್ಥೆಯವರೆಗೆ ಒಯ್ದಿತು. 1977ರಲ್ಲಿ ಐದು ವರ್ಷದ ಒಂದು ಒಪ್ಪಂದವಾಗಿ ಮುಗಿದೂ ಹೋಯಿತು.

1996ರ ಜೂನ್ ತಿಂಗಳಲ್ಲಿ ದೆಹಲಿಯಲ್ಲಿ ಎಚ್.ಡಿ. ದೇವೇಗೌಡರು, ಢಾಕಾದಲ್ಲಿ ಶೇಖ್ ಹಸೀನಾ ಅಧಿಕಾರಕ್ಕೆ ಬಂದರು. ಭಾರತದ ವಿದೇಶಾಂಗ ಸಚಿವರು ಐ.ಕೆ. ಗುಜ್ರಾಲ್. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ತಾವೇ ಢಾಕಾಕ್ಕೆ ಹೋಗಿ ಮಾತಾಡಿ ಬಂದರು. ಆರೇ ತಿಂಗಳೊಳಗೆ, ಡಿಸೆಂಬರ್ 12ರಂದು, ದೆಹಲಿಯಲ್ಲಿ ಮೂವತ್ತು ವರ್ಷದ ಗಂಗಾ ಜಲ ಒಪ್ಪಂದಕ್ಕೆ ದೇವೇಗೌಡ ಮತ್ತು ಹಸೀನಾ ಸಹಿ ಹಾಕಿದರು. ಜನವರಿಯಿಂದ ಮೇ ತನಕದ ಐದು ತಿಂಗಳನ್ನು ಹತ್ತು ಹತ್ತು ದಿನಗಳ ಸರದಿಯಾಗಿ ಒಡೆಯಲಾಗಿದೆ. ಫರಕ್ಕಾದಲ್ಲಿ 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ನೀರಿದ್ದರೆ ಇಬ್ಬರಿಗೂ ಸರಿ ಅರ್ಧ. ಬೇಸಿಗೆ ಬಿಗಿಯಾಗುವ ಮಾರ್ಚ್ 11ರಿಂದ ಮೇ 10ರವರೆಗೆ ಒಂದು ಸರದಿ ಒಬ್ಬರಿಗೆ, ಮರು ಸರದಿ ಮತ್ತೊಬ್ಬರಿಗೆ 35,000 ಕ್ಯುಸೆಕ್ ಖಾತ್ರಿ.

ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾರಾಬಂದಿ ಪದ್ಧತಿಯಲ್ಲಿ ನೀರು ಬಿಡುವುದು, ನಿಲ್ಲಿಸುವುದು, ಮೇಲ್ಭಾಗದವರು ಭತ್ತ ಹಚ್ಚಿದರೆ ಕೆಳಗಿನ ಮೆಣಸಿನಕಾಯಿ, ಹತ್ತಿ ಬಾಡುವುದು, ನೀರಾವರಿ ಸಲಹಾ ಸಮಿತಿ ಸಭೆಯ ದಿನ ಹೋರಾಟ ಮಾಡುವುದು, ಎಲ್ಲ ಅವನು ಅನುಭವಿಸಿದ್ದೇ. ಹೇಮಾವತಿ, ಕಾವೇರಿಯ ಜಗಳಗಳಲ್ಲಿ ಪಳಗಿದ ರೈತನ ಮಗ ಪ್ರಧಾನಿಯಾದಾಗ ಕೆಳದಂಡೆಯವರ ಕಷ್ಟ ಅರ್ಥವಾದದ್ದರಲ್ಲಿ ಆಶ್ಚರ್ಯವಿಲ್ಲ. ನೆನೆಗುದಿಗೆ ಬಿದ್ದ ನೀರಾವರಿ ಯೋಜನೆಗಳಿಗೆ ಕೇಂದ್ರದ ನೆರವು ಕೊಡುವ ಕಾರ್ಯಕ್ರಮ 1996–97ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. ನಮ್ಮ ಕೃಷ್ಣಾ ಮೇಲ್ದಂಡೆ ಯೋಜನೆಗೂ ಅದರಲ್ಲಿ ಪಾಲು ದೊರೆಯಿತು.

ಆ ಮೂವತ್ತು ವರ್ಷ 2026ರ ಡಿಸೆಂಬರಿಗೆ ತುಂಬುತ್ತದೆ. ತೀಸ್ತಾ ನದಿಯದು ಇನ್ನೂ ತೀರದ ಕಥೆ. 2011ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಒಪ್ಪಂದ ಸಿದ್ಧ ಮಾಡಿಕೊಂಡು ಢಾಕಾಕ್ಕೆ ಹೊರಟರು. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಸಹಿ ಬೀಳಲಿಲ್ಲ. ತೀಸ್ತಾ ಯೋಜನೆಯಲ್ಲಿ ಚೀನಾ ಆಸಕ್ತಿ ತೋರಿಸಲು ಆ ಖಾಲಿ ಜಾಗವೇ ಕಾರಣ. ಮಾತುಕತೆಯಿಂದಲೋ ನ್ಯಾಯಮಂಡಳಿಯಿಂದಲೋ ಬಗೆಹರಿದದ್ದು ಮಾತ್ರ ನೆಲೆ ನಿಂತಿದೆ. 2014ರ ಜುಲೈಯಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಬಂಗಾಳ ಕೊಲ್ಲಿಯ ವಿವಾದಿತ ಪ್ರದೇಶದ ಹೆಚ್ಚು ಪಾಲನ್ನು ಬಾಂಗ್ಲಾಕ್ಕೆ ಕೊಟ್ಟಿತು, ಭಾರತ ಗೌರವದಿಂದ ಒಪ್ಪಿತು. 2015ರ ಜುಲೈ 31ರ ನಡುರಾತ್ರಿ ಎರಡೂ ದೇಶಗಳ ಒಡಲಲ್ಲಿ ಸಿಕ್ಕಿಹಾಕಿಕೊಂಡಿದ್ದ 162 ನೆಲತುಣುಕುಗಳು ಅದಲು ಬದಲಾದವು. ಯಾವ ದೇಶಕ್ಕೂ ಸೇರದೆ ಬದುಕಿದ್ದ ಸಾವಿರಾರು ಜನಕ್ಕೆ ಅಂದು ಒಂದು ದೇಶ ಸಿಕ್ಕಿತು.

ಸಣ್ಣ ದೇಶದ ದೊಡ್ಡ ಪಾಲು

ಹೊರಗಿನ ಕೂಲಿ ಆ ದೇಶದ ಇನ್ನೊಂದು ಆಧಾರ. ಸೌದಿ, ಎಮಿರೇಟ್ಸ್, ಕತಾರ್, ಮಲೇಷ್ಯಾ ಮೊದಲಾದ ಹೊರದೇಶಗಳಲ್ಲಿ ದುಡಿಯುವವರು 2024–25ರಲ್ಲಿ ಮನೆಗೆ ಕಳಿಸಿದ್ದು ಸುಮಾರು 3,000 ಕೋಟಿ ಡಾಲರ್. ಇಸ್ಲಾಮಿಕ್ ಸಹಕಾರ ಸಂಘಟನೆಯಲ್ಲಿ ಢಾಕಾ ಉಳಿಸಿಕೊಳ್ಳುವ ಬಾಂಧವ್ಯದ ಹಿಂದೆ ಧರ್ಮವಿದೆ, ಈ ಕೂಲಿಕಾರರ ವೀಸಾವೂ ಇದೆ. 1988ರಿಂದ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಸೈನಿಕರನ್ನು ಕಳಿಸುತ್ತ ಬಂದಿರುವ ಬಾಂಗ್ಲಾದೇಶ ಈಗ ಅತಿ ಹೆಚ್ಚು ಸೈನಿಕರನ್ನು ಕೊಡುವ ದೇಶಗಳ ಮೇಲಿನ ಸಾಲಿನಲ್ಲಿದೆ. ಸಾರ್ಕ್ ಸಂಘಟನೆಯ ವಿಚಾರ ಮುಂದಿಟ್ಟವರು ಬಾಂಗ್ಲಾದ ಅಧ್ಯಕ್ಷರಾಗಿದ್ದ ಜಿಯಾವುರ್ ರಹಮಾನ್. ಅದರ ಮೊದಲ ಶೃಂಗಸಭೆ 1985ರ ಡಿಸೆಂಬರಿನಲ್ಲಿ ಢಾಕಾದಲ್ಲೇ ನಡೆಯಿತು. ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಕೂಟವಾದ ಬಿಮ್‌ಸ್ಟೆಕ್‌ನ ಕಚೇರಿಯೂ ಅಲ್ಲೇ ಇದೆ. ಹವಾಮಾನ ಬದಲಾವಣೆಯಿಂದ ಹೆಚ್ಚು ಪೆಟ್ಟು ತಿನ್ನುವ ದೇಶಗಳ ವೇದಿಕೆಯನ್ನು ಎರಡು ಸಲ ಮುನ್ನಡೆಸಿ, ಹಾನಿ ಮಾಡಿದವರು ಪರಿಹಾರ ಕೊಡಬೇಕೆಂಬ ಮಾತನ್ನು ಜಗತ್ತಿನ ಕಿವಿಗೆ ಹಾಕಿದೆ.

2017ರ ಆಗಸ್ಟಿನಿಂದ ಮ್ಯಾನ್ಮಾರ್ ಸೇನೆಯ ದಾಳಿಗೆ ಸಿಕ್ಕಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಓಡಿಬಂದಾಗ ಆ ಬಡ ದೇಶ ಗಡಿ ತೆರೆಯಿತು. ಹಳಬರೂ ಸೇರಿ ಇಂದು ಹತ್ತು ಲಕ್ಷಕ್ಕೂ ಮೀರಿದ ಜನ ಕಾಕ್ಸ್ ಬಜಾರಿನ ಶಿಬಿರಗಳಲ್ಲಿದ್ದಾರೆ. ನಿರಾಶ್ರಿತರೆಂದರೆ ಏನೆಂದು ನಮ್ಮ ಪಕ್ಕದ ಸಿಂಧನೂರಿಗೂ ಗೊತ್ತು. 1970ರ ಆಸುಪಾಸಿನಲ್ಲಿ ಪೂರ್ವ ಬಂಗಾಳದಿಂದ ಬಂದ ಹಿಂದೂ ಕುಟುಂಬಗಳನ್ನು ಸರ್ಕಾರ ಅಲ್ಲಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುತ್ತ ಅವರು ಇಲ್ಲಿಯವರಾಗಿದ್ದಾರೆ. ಅವರಿಂದ ಊರು ಬಿಡಿಸಿದ ಭಯ ಬಾಂಗ್ಲಾದಲ್ಲಿ ಇನ್ನೂ ಹೋಗಿಲ್ಲ ಎಂಬುದೂ ನಿಜ. 2024ರ ಆಗಸ್ಟ್ 5ರಂದು ವಿದ್ಯಾರ್ಥಿಗಳ ಚಳವಳಿಯ ಒತ್ತಡಕ್ಕೆ ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದ ನಂತರದ ದಿನಗಳಲ್ಲಿ ಅಲ್ಲಿನ ಹಿಂದೂಗಳ ಮನೆ, ಅಂಗಡಿ, ಗುಡಿಗಳ ಮೇಲೆ ದಾಳಿಗಳಾದವು. ತನ್ನ ಅಲ್ಪಸಂಖ್ಯಾತರನ್ನು ಕಾಯಲಾರದ ಸರ್ಕಾರ ಹೊರಗೆ ರೋಹಿಂಗ್ಯಾಗಳ ಪರ ಆಡುವ ಮಾತಿನ ತೂಕ ಕಡಿಮೆಯಾಗುತ್ತದೆ. ಇದನ್ನು ಭಾರತ ಹೇಳಬೇಕು, ಹೇಳುತ್ತಲೇ ಇರಬೇಕು.

ಬಂದ್ ಆದ ದಾರಿ

ಎರಡು ದೇಶಗಳ ನಡುವಿನ ಮುನಿಸು ವ್ಯಾಪಾರಕ್ಕೆ ಇಳಿದದ್ದು 2025ರಲ್ಲಿ. ಏಪ್ರಿಲ್ 4ರಂದು ಬ್ಯಾಂಕಾಕಿನಲ್ಲಿ ಪ್ರಧಾನಿ ಮೋದಿ ಮತ್ತು ಬಾಂಗ್ಲಾದ ಮಧ್ಯಂತರ ಸರ್ಕಾರದ ಆಗಿನ ಮುಖ್ಯಸ್ಥ ಮೊಹಮ್ಮದ್ ಯೂನುಸ್ ಭೇಟಿಯಾದರು. ಅದಾದ ನಾಲ್ಕೇ ದಿನಕ್ಕೆ, ಬಾಂಗ್ಲಾದ ಸರಕು ಭಾರತದ ಬಂದರು, ವಿಮಾನ ನಿಲ್ದಾಣಗಳ ಮೂಲಕ ಬೇರೆ ದೇಶಗಳಿಗೆ ಹೋಗಲು ಇದ್ದ ಸೌಲಭ್ಯವನ್ನು ಭಾರತ ಹಿಂತೆಗೆದುಕೊಂಡಿತು. ಅದೇ ತಿಂಗಳ ನಡುವೆ ಬಾಂಗ್ಲಾದೇಶ ಬೇನಾಪೋಲ್ ಮೊದಲಾದ ಭೂಮಾರ್ಗದ ಠಾಣೆಗಳಲ್ಲಿ ಭಾರತದ ನೂಲು ಒಳಗೆ ಬಿಡುವುದನ್ನು ನಿಲ್ಲಿಸಿತು. ಮೇ 17ರಂದು ಭಾರತ, ಬಾಂಗ್ಲಾದ ಸಿದ್ಧ ಉಡುಪು ಕೋಲ್ಕತ್ತ ಮತ್ತು ನವಾ ಶೇವಾ ಬಂದರುಗಳಿಂದ ಮಾತ್ರ ಬರಬೇಕೆಂದು ಆದೇಶಿಸಿತು. ಲಾರಿಯಲ್ಲಿ ಬೇಗ ತಲುಪುತ್ತಿದ್ದ ನೂಲು ಹಡಗು ಹತ್ತಿ ಸುತ್ತಿ ಹೋಗಬೇಕಾಯಿತು. ಸಣ್ಣ ಗಿರಣಿಯವರ ಬಂಡವಾಳ ದಾರಿಯಲ್ಲೇ ಸಿಕ್ಕಿಕೊಂಡಿತು.

ತಪ್ಪು ಒಂದೇ ಕಡೆಯದಲ್ಲ. 2010ರ ಏಪ್ರಿಲಿನಲ್ಲಿ ಭಾರತ ಇದ್ದಕ್ಕಿದ್ದಂತೆ ಹತ್ತಿ ರಫ್ತು ತಡೆಹಿಡಿದಿತ್ತು. 2012ರ ಮಾರ್ಚ್ 5ರಂದು ಮತ್ತೆ ನಿಷೇಧಿಸಿ, ರೈತರು ಸಿಟ್ಟಾದ ಮೇಲೆ ಒಂದೇ ವಾರದಲ್ಲಿ ಮನಸ್ಸು ಬದಲಿಸಿತು. ಹಡಗು ಕಾಯುತ್ತಿದ್ದ ಢಾಕಾದ ಗಿರಣಿಗಳು ಅಂದೇ ಬೇರೆ ದಾರಿ ಹುಡುಕತೊಡಗಿದವು. ಬ್ರೆಜಿಲ್, ಬೆನಿನ್, ಮಾಲಿ, ಬುರ್ಕಿನಾ ಫಾಸೊ, ಅಮೆರಿಕ. ಅವರಿಗೆ ಹತ್ತಿ ಕೊಡುವವರು ಬೇಕಾದಷ್ಟು ಜನರಿದ್ದಾರೆ. ನಮಗೆ ಅಷ್ಟು ದೊಡ್ಡ, ಅಷ್ಟು ಹತ್ತಿರದ ಗಿರಾಕಿ ಇನ್ನೊಬ್ಬರಿಲ್ಲ.

2025ರ ಆಗಸ್ಟಿನಲ್ಲಿ ನಮ್ಮ ರೈತನ ಮೇಲೆ ಒತ್ತಡ ಎರಡೂ ಕಡೆಯಿಂದ ಬಂತು. ಭಾರತದ ಸರಕಿಗೆ ಅಮೆರಿಕ 50 ಪ್ರತಿಶತ ಸುಂಕ ಹೇರಿತು, ಬಾಂಗ್ಲಾದ ಸರಕಿಗೆ ಹೊಸದಾಗಿ ಹೇರಿದ್ದು 20 ಪ್ರತಿಶತ. ನಮ್ಮ ಗಿರಣಿಗಳಿಗೆ ಅನುಕೂಲವಾಗಲೆಂದು ಕೇಂದ್ರ ಸರ್ಕಾರ ವಿದೇಶಿ ಹತ್ತಿಯ ಮೇಲಿದ್ದ 11 ಪ್ರತಿಶತ ಆಮದು ಸುಂಕವನ್ನು ಆಗಸ್ಟ್ 19ರಿಂದ ತೆಗೆದು, ವರ್ಷದ ಕೊನೆಯವರೆಗೆ ಮುಂದುವರಿಸಿತು. ಶಹಾಪುರದ ಹೊಲದಲ್ಲಿ ಹತ್ತಿ ಒಡೆಯುವ ತಿಂಗಳುಗಳೂ ಅವೇ. ಆ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710, ಉದ್ದ ಎಳೆಯದಕ್ಕೆ 8,110 ರೂಪಾಯಿ ಬೆಂಬಲ ಬೆಲೆ ಇತ್ತು. ಅದನ್ನು ಪಡೆಯಲು ಕಪಾಸ್ ಕಿಸಾನ್ ಆ್ಯಪಿನಲ್ಲಿ ಹೆಸರು ಬರೆಸಬೇಕು, ತೇವಾಂಶ ಮಿತಿಯೊಳಗೆ ಇರಬೇಕು, ಸರದಿ ಬರುವವರೆಗೆ ಹತ್ತಿ ಕಾಯಬೇಕು. ಸಾಲ ಕೊಟ್ಟವನ ಒತ್ತಾಯ ಕಾಯುವುದಿಲ್ಲ. ರೈತ ಊರ ಬಾಗಿಲಿಗೆ ಬಂದ ದಲ್ಲಾಳಿಗೆ ಕೊಟ್ಟುಬಿಡುತ್ತಾನೆ.

ಮುಂದೆ ಇನ್ನೊಂದು ತಿರುವು ಇದೆ. ಕಡುಬಡ ದೇಶಗಳ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು ವಿಶ್ವಸಂಸ್ಥೆ ನಿಗದಿ ಮಾಡಿದ ದಿನ 2026ರ ನವೆಂಬರ್ 24. ಹೊರಬಂದ ದೇಶಕ್ಕೆ ಯುರೋಪಿನಲ್ಲಿ ಈಗಿನ ರಿಯಾಯಿತಿ ಇನ್ನು ಮೂರು ವರ್ಷ ಮಾತ್ರ. ಆಮೇಲೆ ರಿಯಾಯಿತಿ ಬೇಕಾದರೆ ಬಟ್ಟೆಯನ್ನೂ ತನ್ನ ನೆಲದಲ್ಲೇ ನೇಯ್ದು ಹೊಲಿಯಬೇಕಾಗುತ್ತದೆ. ಅಂದರೆ ಸಿದ್ಧ ಬಟ್ಟೆಗಿಂತ ನೂಲು ಮತ್ತು ಅರಳೆಗೆ ಅಲ್ಲಿ ಬೇಡಿಕೆ ಹೆಚ್ಚುತ್ತದೆ. ನಂಬಿಕೆ ಉಳಿಸಿಕೊಂಡವರ ಮಾಲು ಅಲ್ಲಿ ಹೋಗುತ್ತದೆ.

ಢಾಕಾದಲ್ಲಿ ಯಾರೇ ಅಧಿಕಾರದಲ್ಲಿರಲಿ, ಆ ದೇಶಕ್ಕೆ ಬೇಕಾದದ್ದು ಬದಲಾಗುವುದಿಲ್ಲ: ಹೊಲಿಯಲು ಹತ್ತಿ, ಬೇಸಿಗೆಯಲ್ಲಿ ನದಿಗೆ ನೀರು, ಹೊರಗೆ ದುಡಿಯುವ ಮಕ್ಕಳಿಗೆ ಕೆಲಸ, ದೊಡ್ಡವರ ನಡುವೆ ತನ್ನ ಮಾತು ತಾನಾಡುವಷ್ಟು ಜಾಗ. ಇದರಲ್ಲಿ ಮೊದಲನೆಯದು ನಮ್ಮಲ್ಲಿದೆ. ರಾಜಕೀಯದ ಜಗಳ ಎಷ್ಟೇ ಇದ್ದರೂ ಹತ್ತಿ ಮತ್ತು ನೂಲಿನ ದಾರಿಯನ್ನು ಅದರಿಂದ ಹೊರಗಿಡಬೇಕು. ರಫ್ತು, ಆಮದಿನ ನಿಯಮಗಳನ್ನು ಹತ್ತಿ ಒಡೆಯುವ ಹಂಗಾಮಿನ ನಡುವೆ ಬದಲಿಸಬಾರದು. ಮುಗಿಯಲಿರುವ ಗಂಗಾ ಒಪ್ಪಂದವನ್ನು ಕಾಲ ಮೀರುವ ಮೊದಲೇ ಮಾತಾಡಿ ಮುಂದುವರಿಸಬೇಕು.

ಯಾದಗಿರಿ, ಶಹಾಪುರ, ಸುರಪುರ ವಿಧಾನಸಭಾ ಕ್ಷೇತ್ರಗಳು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ, ಗುರುಮಠಕಲ್ ಕಲಬುರಗಿಗೆ ಸೇರಿವೆ. ಬಾಂಗ್ಲಾದೇಶದ ಬಗ್ಗೆ ಲೋಕಸಭೆಯಲ್ಲಿ ಚರ್ಚೆ ಬಂದಾಗ ಗಡಿಯ ಮಾತು ಆಡುವವರು ಅನೇಕರಿರುತ್ತಾರೆ. ಈ ಎರಡು ಕ್ಷೇತ್ರಗಳ ಸದಸ್ಯರು ಎದ್ದು ಹತ್ತಿಯ ಮಾತು ಕೇಳಲಿ. ಕೇಳುವಂತೆ ಮಾಡುವುದು ಇಲ್ಲಿನ ರೈತ ಸಂಘಟನೆಗಳ, ಮತದಾರರ ಕೆಲಸ.